ಕಪ್ಪಾದಷ್ಟೂ ಮಾರ್ಕ್ಸ್ ಜಾಸ್ತಿ ಬರಲ್ಲ

ಓಎಂಆರ್ ಹಾಳೆಗಳನ್ನು, ಅಂದರೆ ಮಕ್ಕಳು ಸರಿಯುತ್ತರದ ವೃತ್ತ ತುಂಬುವ ಉತ್ತರ ಹಾಳೆಗಳನ್ನು, ಸ್ಕ್ಯಾನ್ ಮಾಡಿ ಮಾರ್ಕ್ಸ್ ತೆಗೆದು ಕೊಡುವುದು ನನ್ನ ಕೆಲಸ. ಶಾಲೆಗಳ ಒಲಿಂಪಿಯಾಡ್ ಅಭ್ಯಾಸ, ಕೋಚಿಂಗ್‌ನವರ ಮಾಕ್ ಟೆಸ್ಟ್, ಎಲ್ಲ ಕಟ್ಟುಕಟ್ಟಾಗಿ ರಾಜಾಜಿನಗರದ ನಮ್ಮ ಆಫೀಸಿಗೆ ಬರುತ್ತವೆ. ಯಾವ ಕಟ್ಟಿನಲ್ಲಿ ಮಕ್ಕಳು ತುಂಬಾ ಮೆದುವಾದ, ಕಡುಕಪ್ಪು 6ಬಿ ಪೆನ್ಸಿಲ್ ಹಿಡಿದಿದ್ದರು ಅಂತ ಮುಟ್ಟಿದರೇ ಗೊತ್ತಾಗುತ್ತದೆ. ಬೆರಳೆಲ್ಲ ಮಸಿ. ಆಮೇಲೆ ಸ್ಕ್ಯಾನರ್‌ನ ರೋಲರ್ ಒರೆಸುತ್ತಾ ಕೂರಬೇಕು.

'ಡಾರ್ಕ್ ಇದ್ರೆ ಮಿಷಿನ್‌ಗೆ ಚೆನ್ನಾಗಿ ಕಾಣುತ್ತೆ ಅಲ್ವಾ ಸಾರ್?' ಈ ಪ್ರಶ್ನೆ ಕೇಳದ ಪೋಷಕರಿಲ್ಲ.

ಮಿಷಿನ್ ನೋಡುವುದು ಇಷ್ಟೇ: ಈ ವೃತ್ತದೊಳಗೆ ಸಾಕಷ್ಟು ಕಪ್ಪಿದೆಯೋ ಇಲ್ಲವೋ. ಇಷ್ಟು ಕಪ್ಪಿದ್ದರೆ ಸಾಕು ಅಂತ ಅದಕ್ಕೊಂದು ಗೆರೆ ಹಾಕಿರುತ್ತೇವೆ. ಮಾಮೂಲಿ ಎಚ್‌ಬಿ ಪೆನ್ಸಿಲ್‌ನಲ್ಲಿ ವೃತ್ತ ತುಂಬಿದರೆ ಆ ಗೆರೆ ದಾಟಿಯಾಯಿತು. ಇನ್ನೂ ಕಪ್ಪು ಮಾಡಿದರೆ ಅರ್ಧ ಮಾರ್ಕೂ ಹೆಚ್ಚಿಗೆ ಸಿಗಲ್ಲ. ಕಷ್ಟ ಶುರುವಾಗುವುದು ಅಳಿಸುವಾಗ. ಪೆನ್ಸಿಲ್ ಕಡ್ಡಿ ಅಂದರೆ ಗ್ರಾಫೈಟ್ ಮತ್ತು ಜೇಡಿಮಣ್ಣು. ಗ್ರಾಫೈಟ್ ಜಾಸ್ತಿಯಾದಷ್ಟೂ ಮೆದು, ಮೆದುವಾದಷ್ಟೂ ಹರಡುತ್ತದೆ. ಹುಡುಗಿ ಮೊದಲು ಬಿ ಉತ್ತರದ ವೃತ್ತ ತುಂಬುತ್ತಾಳೆ, ಮನಸ್ಸು ಬದಲಾಗಿ ಅದನ್ನು ಅಳಿಸಿ ಸಿ ತುಂಬುತ್ತಾಳೆ. ಅವಳ ಕಣ್ಣಿಗೆ ಬಿ ಸ್ವಚ್ಛ. ನನ್ನ ಸ್ಕ್ರೀನ್ ಮೇಲೆ ಅಲ್ಲೊಂದು ಬೂದು ಮೋಡ. ಅದೂ ಗೆರೆ ದಾಟಿದರೆ ಎರಡು ಉತ್ತರ ಅಂತ ಲೆಕ್ಕ, ಸೊನ್ನೆ. ಸರಿಯಾದ ಉತ್ತರ ಗೊತ್ತಿದ್ದ ಮಗುವಿಗೆ ಸೊನ್ನೆ! ಹಾಗಾಗಿ ಎಚ್‌ಬಿ, ಜೊತೆಗೆ ಮೆತ್ತನೆಯ ಬಿಳಿ ರಬ್ಬರ್. ಅಷ್ಟೇ.

ಜಯನಗರದ ತಂದೆಯೊಬ್ಬರು ಅಮೆರಿಕದಲ್ಲಿರುವ ಭಾಮೈದನಿಂದ 'ನಂಬರ್ 2' ಪೆನ್ಸಿಲ್ ಡಬ್ಬಿ ತರಿಸಿದ್ದರು. ನನ್ನ ಟೇಬಲ್ ಮೇಲಿದ್ದ ಕೆಂಪು-ಕಪ್ಪು ಪಟ್ಟೆಯ ನಟರಾಜ್ ಎಚ್‌ಬಿ ತೋರಿಸಿ, 'ಇದೂ ಅದೂ ಒಂದೇ ಸಾರ್, ಅಲ್ಲಿ ಹೆಸರು ಬೇರೆ' ಅಂದೆ. ಪಾಪ, ಮುಖ ಸಪ್ಪಗಾಯಿತು. ಆ ಪೆನ್ಸಿಲ್‌ಗಳ ಬಾಲದಲ್ಲಿದ್ದ ರಬ್ಬರ್ ಬೇರೆ ಒಣಗಿ ಕಲ್ಲಾಗಿತ್ತು, ಉಜ್ಜಿದರೆ ಹಾಳೆ ಕಿತ್ತು ಬರುತ್ತಿತ್ತು. ಅಂದ ಹಾಗೆ, ನಂಬರ್ 2 ಪೆನ್ಸಿಲ್ ಕೇಳುತ್ತಿದ್ದ ಅಮೆರಿಕದವರ ಕಾಲೇಜು ಪ್ರವೇಶದ ಎಸ್‌ಎಟಿ ಪರೀಕ್ಷೆಯೇ 2023ರಿಂದ ನಮ್ಮಲ್ಲಿ ಕಂಪ್ಯೂಟರ್ ಮೇಲೆ ನಡೆಯುತ್ತಿದೆ.

ಪೆನ್ಸಿಲ್ ಯಾಕೆ ಬಂತು ಅನ್ನುವುದೂ ಸ್ವಾರಸ್ಯ. 1938ರ ಐಬಿಎಂ 805 ಯಂತ್ರ ಗುರುತಿನ ಮೂಲಕ ವಿದ್ಯುತ್ ಹರಿಸಿ ಉತ್ತರ ಎಣಿಸುತ್ತಿತ್ತು. ಗ್ರಾಫೈಟ್‌ನಲ್ಲಿ ಕರೆಂಟ್ ಹರಿಯುತ್ತದೆ, ಇಂಕಿನಲ್ಲಿ ಹರಿಯಲ್ಲ. ಆಮೇಲೆ ಬಂದ ಎಷ್ಟೋ ಮಿಷಿನ್‌ಗಳು ಇನ್‌ಫ್ರಾರೆಡ್ ಬೆಳಕಿನಲ್ಲಿ ನೋಡುತ್ತಿದ್ದವು, ಅದಕ್ಕೆ ಕೆಲವು ಪೆನ್ನಿನ ಇಂಕು ಕಾಣುತ್ತಲೇ ಇರಲಿಲ್ಲ. ಈಗಿನ ಸ್ಕ್ಯಾನರ್‌ಗಳು ಫೋಟೋ ತೆಗೆದ ಹಾಗೆ ಓದುತ್ತವೆ, ಪೆನ್ನೂ ನಡೆಯುತ್ತದೆ. ನಮ್ಮ ಸಿಇಟಿಗೆ ಬೇಕಾದದ್ದು ನೀಲಿ ಅಥವಾ ಕಪ್ಪು ಬಾಲ್‌ಪೆನ್. ಪೆನ್ಸಿಲ್ ಹಿಡಿದು ಹೋಗಬೇಡಿ. ಬೇರೆ ಪರೀಕ್ಷೆಗಳ ಬಗ್ಗೆ ನಾನು ಹೇಳಿದೆ ಅಂತ ನಂಬಬೇಡಿ, ಹಾಲ್ ಟಿಕೆಟ್ ಜೊತೆಗಿನ ಸೂಚನೆ ಓದಿ.

ಇನ್ನೊಂದು. ಮೊನ್ನೆ ಒಬ್ಬ ಹುಡುಗ ಸೂಜಿಯಂಥ ಮೊನೆಯಲ್ಲಿ ವೃತ್ತ ತುಂಬಿ ತುಂಬಿ ಹಾಳೆಯನ್ನೇ ತೂತು ಮಾಡಿದ್ದ. 'ರಫ್ ಪೇಪರ್ ಮೇಲೆ ಸ್ವಲ್ಪ ಉಜ್ಜಿ ಮೊಂಡು ಮಾಡ್ಕೋ ಪುಟ್ಟಾ' ಅಂದೆ. ಉಜ್ಜಿದ. ನಾಲ್ಕು ಸುತ್ತಿಗೆ ವೃತ್ತ ತುಂಬಿತು. ಪಕ್ಕದಲ್ಲಿದ್ದ ಅವರಮ್ಮ 'ಅಯ್ಯೋ, ಮೊನೆ ಹೋಯ್ತಲ್ಲೋ' ಅಂತ ಬ್ಯಾಗಿನಿಂದ ಮೆಂಡರ್ ತೆಗೆದರು.