ಬಾವನ್ ಬಂಡೆಯ ಪಾವಟಿಗೆಗಳು: ಗುಡ್ಡ ಇಳಿಯುವಾಗ ಕಾಲು ತಪ್ಪುವುದೇಕೆ

ಬಾದಾಮಿಯ ಉತ್ತರದ ಗುಡ್ಡದ ಬಂಡೆಯೊಂದರ ಮೇಲೆ ಒಂದನೇ ಪುಲಕೇಶಿಯ ಶಾಸನವಿದೆ. ಕಾಲ ಶಕ 465, ಅಂದರೆ ಕ್ರಿ.ಶ. 543. ವಾತಾಪಿಯ ಈ ಗುಡ್ಡವನ್ನು ಕೆಳಗಿನಿಂದಲೂ ಮೇಲಿನಿಂದಲೂ ಯಾರಿಗೂ ದಕ್ಕದ ದುರ್ಗವನ್ನಾಗಿ ಮಾಡಿದೆನೆಂದು ಅರಸ ಅಲ್ಲಿ ಬರೆಯಿಸಿದ್ದಾನೆ. ಇಂದು ಅದೇ ಗುಡ್ಡಕ್ಕೆ ಶಾಲಾ ಪ್ರವಾಸದ ಮಕ್ಕಳು, ಮದುವೆಗೆ ಬಂದ ಬೀಗರು, ಬೆಂಗಳೂರಿನ ಚಾರಣಿಗರು ಒಂದೇ ಸಾಲಿನಲ್ಲಿ ಏರುತ್ತಾರೆ. ಏರಿ ಬರುವವನು ದಣಿಯಬೇಕು, ತಡವರಿಸಬೇಕು, ಒಬ್ಬೊಬ್ಬನಾಗಿಯೇ ಬರಬೇಕು ಎಂಬ ಲೆಕ್ಕದಲ್ಲಿ ಕಡಿದ ದಾರಿ ಅದು. ಅಲ್ಲಿ ಜಾರಿ ಬೀಳುವವರ ವಿಷಯ ಮಾತಾಡುವಾಗ ಎಲ್ಲರೂ ಅಜಾಗರೂಕತೆಯನ್ನೇ ದೂರುತ್ತಾರೆ. ದಾರಿಯ ಹುಟ್ಟನ್ನು ಯಾರೂ ನೋಡುವುದಿಲ್ಲ.

ಊರಿನ ಮಗ್ಗಲಿಗೆ ಎರಡು ಕೋಟೆಗಳಿವೆ. ಉತ್ತರದ್ದು ಬಾವನ್ ಬಂಡೆ ಕೋಟೆ, ಐವತ್ತೆರಡು ಬಂಡೆಗಳದ್ದು. ದಕ್ಷಿಣದ್ದು ರಣಮಂಡಲ. ಅದರ ಕೆಳಮೈಯಲ್ಲೇ ಗುಹಾಲಯಗಳಿವೆ. ಮೂರನೇ ಗುಹೆಯಲ್ಲಿ ಚಾಲುಕ್ಯ ಮಂಗಳೇಶ ಬರೆಯಿಸಿದ ಶಕ 500ರ, ಅಂದರೆ 578ರ ಶಾಸನವಿದೆ. ಪಲ್ಲವ ನರಸಿಂಹವರ್ಮ 642ರಲ್ಲಿ ಬಾದಾಮಿಯನ್ನು ಗೆದ್ದ. ಸಾವಿರ ವರ್ಷ ದಾಟಿದ ಮೇಲೂ ಗುಡ್ಡದ ಬೆಲೆ ಇಳಿಯಲಿಲ್ಲ: 1786ರಲ್ಲಿ ಟಿಪ್ಪುವಿನ ಕೈಯಿಂದ ಮರಾಠರೂ ನಿಜಾಮರೂ ಸೇರಿ ಕಿತ್ತುಕೊಂಡರು, 1818ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಮನ್ರೋನ ಪಡೆ ಹಿಡಿಯಿತು. ಅಲ್ಲಿಗೆ ಕೋಟೆಯ ಕೆಲಸ ಮುಗಿಯಿತು. ದಾರಿ ಮಾತ್ರ ಉಳಿಯಿತು. ಕುರಿ ಕಾಯುವವರು, ಕಟ್ಟಿಗೆ ತರುವವರು ಅದನ್ನು ಬಳಸಿದರು. ಅವರಿಗೆ ಪ್ರತಿ ಕಲ್ಲಿನ ಗುರುತಿತ್ತು. ವರ್ಷಕ್ಕೊಮ್ಮೆ ಬಂದು ಎರಡು ತಾಸಿನಲ್ಲಿ ನೋಡಿ ಹೋಗುವವರಿಗೆ ಆ ಗುರುತಿಲ್ಲ.

ಈ ಕಲ್ಲಿನ ಗುಣವೂ ತಿಳಿದಿರಬೇಕು. ಬಾದಾಮಿಯದು ಮರಳುಗಲ್ಲು, ಭೂವಿಜ್ಞಾನಿಗಳು ಕಲಾದಗಿ ಶಿಲಾಸಮೂಹ ಎನ್ನುವುದರ ಭಾಗ. ಪದರಗಳು ಹೆಚ್ಚುಕಡಿಮೆ ಅಡ್ಡಕ್ಕೆ ಮಲಗಿವೆ, ಬಿರುಕುಗಳು ನೇರ ಕೆಳಗೆ ಇಳಿದಿವೆ. ಆದ್ದರಿಂದ ಇಲ್ಲಿ ಗುಡ್ಡ ನಿಧಾನವಾಗಿ ಇಳಿಜಾರಾಗುವುದಿಲ್ಲ. ಮೇಲೆ ಹಾಸಿದಂಥ ಸಪಾಟು ಬಂಡೆ, ಅದರ ಅಂಚಿಗೆ ಗೋಡೆಯಂಥ ಕಡಿತ. ಎಷ್ಟೋ ಕಡೆ ಅಂಚಿನ ಕೆಳಗಿನ ಪದರ ಸವೆದು ಒಳಗೆ ಸರಿದಿರುತ್ತದೆ, ಮೇಲಿನದು ಚಜ್ಜಾದಂತೆ ಹೊರಚಾಚಿರುತ್ತದೆ. ಮೇಲೆ ನಿಂತವನಿಗೆ ಅದು ಕಾಣುವುದಿಲ್ಲ. ಅಂಚಿನಿಂದ ಒಂದು ಆಳುದ್ದ ಹಿಂದೆ ನಿಲ್ಲಿ ಎಂದು ಬಲ್ಲವರು ಹೇಳುವುದು ಇದಕ್ಕೇ. ಎಡವಿ ಬಿದ್ದರೂ ದೇಹ ಬಂಡೆಯ ಮೇಲೆಯೇ ಬೀಳಬೇಕು. 3 ಮೀಟರ್ ಎತ್ತರದಿಂದ ಬಿದ್ದ ದೇಹ ನೆಲ ಮುಟ್ಟುವಾಗ ಗಂಟೆಗೆ ಸುಮಾರು 28 ಕಿ.ಮೀ. ವೇಗದಲ್ಲಿರುತ್ತದೆ, 10 ಮೀಟರ್‌ನಿಂದಾದರೆ 50. ಬಾದಾಮಿಯ ಗೋಡೆಗಳ ಮುಂದೆ 10 ಮೀಟರ್ ಏನೂ ಅಲ್ಲ.

ಉತ್ತರದ ಗುಡ್ಡದ ಬುಡದಲ್ಲಿರುವ ಮ್ಯೂಸಿಯಂ ಹಿಂದಿನಿಂದ ಬಾವನ್ ಬಂಡೆಗೆ ಏರುವ ದಾರಿ ಇಂಥ ಬಿರುಕಿನೊಳಗೇ ಹೋಗುತ್ತದೆ. ಎರಡೂ ಕಡೆ ಕಲ್ಲಿನ ಗೋಡೆ, ನಡುವೆ ಕಿರಿದಾದ ಪಾವಟಿಗೆ. ಹತ್ತುವಾಗ ಇದು ಸುಲಭವೆನಿಸುತ್ತದೆ: ಕೈ ಮುಂದೆ ಇರುತ್ತದೆ, ಕಣ್ಣು ಮೆಟ್ಟಿಲಿಗೆ ಹತ್ತಿರ ಇರುತ್ತದೆ, ಎಡವಿದರೂ ಮುಂದಿನ ಮೆಟ್ಟಿಲ ಮೇಲೆಯೇ ಬೀಳುತ್ತೀರಿ. ಇಳಿಯುವಾಗ ಎಲ್ಲವೂ ತಿರುಗುಮುರುಗು. ಮನೆಯ ಮೆಟ್ಟಿಲಿನ ಎತ್ತರ 15ರಿಂದ 18 ಸೆಂ.ಮೀ., ಮತ್ತು ಎಲ್ಲವೂ ಒಂದೇ ಸಮ. ಮೊದಲ ಎರಡು ಮೂರು ಮೆಟ್ಟಿಲಲ್ಲಿ ಕಾಲು ಅಳತೆ ಹಿಡಿಯುತ್ತದೆ, ಆಮೇಲೆ ನೋಡದೆಯೇ ನಡೆಯುತ್ತದೆ. ಅಳತೆ ಒಂದೆರಡು ಸೆಂ.ಮೀ. ತಪ್ಪಿದರೂ ಎಡವಲು ಸಾಕು. ಕೋಟೆಯ ಪಾವಟಿಗೆಯಲ್ಲಿ ಒಂದು ಗೇಣೆತ್ತರದ್ದು ಒಂದಾದರೆ, ಅದರ ಕೆಳಗಿನದು ಮೊಣಕಾಲೆತ್ತರ. ನೂರಾರು ವರ್ಷ ಕಾಲು ತಾಗಿ ನಡು ತಗ್ಗಾಗಿದೆ, ಅಂಚು ನುಣುಪಾಗಿದೆ.

ಜೊತೆಗೆ ತೊಡೆಯ ದಣಿವು. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆಯಬೇಕು. ಹತ್ತುವ ಕೆಲಸಕ್ಕಿಂತ ಇದು ಸ್ನಾಯುವನ್ನು ಹೆಚ್ಚು ಘಾಸಿ ಮಾಡುತ್ತದೆ. ಉಸಿರು ಮಾತ್ರ ಏರುವುದಿಲ್ಲ, ಹಾಗಾಗಿ ದಣಿವು ಗೊತ್ತಾಗುವುದಿಲ್ಲ. ನಿಂತಾಗ ಮೊಣಕಾಲು ನಡುಗತೊಡಗಿದರೆ ಅದೇ ಎಚ್ಚರಿಕೆ. ಅಲ್ಲೇ ಕುಳಿತು ಹತ್ತು ನಿಮಿಷ ಕಳೆಯಬೇಕು, ನೀರು ಕುಡಿಯಬೇಕು. ಏಪ್ರಿಲ್, ಮೇ ತಿಂಗಳ ಬಾದಾಮಿಯಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಕಾದ ಬಂಡೆಯ ಝಳ ಬೇರೆ. ಅರ್ಧ ದಿನಕ್ಕೆ ಒಬ್ಬರಿಗೆ 3 ಲೀಟರ್ ನೀರು ಬೇಕು. ತಲೆ ತಿರುಗಿ ಬಿದ್ದವರನ್ನೂ ಲೋಕ ‘ಜಾರಿ ಬಿದ್ದರು’ ಎಂದೇ ಹೇಳುತ್ತದೆ.

ಎತ್ತರದ ಮೆಟ್ಟಿಲನ್ನು ಮುಖ ಹೊರಗೆ ಮಾಡಿ ಜಿಗಿಯಬಾರದು. ಬಂಡೆಗೆ ಮುಖ ಮಾಡಿ ತಿರುಗಿ, ಏಣಿ ಇಳಿದಂತೆ ಇಳಿಯಬೇಕು. ಎರಡು ಕೈ, ಎರಡು ಕಾಲುಗಳಲ್ಲಿ ಮೂರು ಯಾವಾಗಲೂ ಕಲ್ಲಿಗೆ ತಾಗಿರಲಿ. ಅದಕ್ಕೆ ಎರಡೂ ಕೈ ಖಾಲಿ ಇರಬೇಕು, ಮೊಬೈಲು ಜೇಬಿನಲ್ಲಿರಬೇಕು. ಕಮರಿಯೊಳಗೆ ಒಬ್ಬರ ತಲೆಯ ಮೇಲೆ ಇನ್ನೊಬ್ಬರು ಇರಬಾರದು. ಮೇಲಿನವರ ಕಾಲಿಗೆ ತಾಗಿ ಒಂದು ಹರಳುಗಲ್ಲು ಉರುಳಿದರೂ ಅದಕ್ಕೆ ಹೋಗಲು ಬೇರೆ ದಾರಿಯಿಲ್ಲ. ಉರುಳಿದರೆ ‘ಕಲ್ಲು!’ ಎಂದು ಕೂಗಿ. ಕೆಳಗಿದ್ದವರು ಮೇಲೆ ನೋಡದೆ ಗೋಡೆಗೆ ಒತ್ತಿಕೊಳ್ಳಬೇಕು.

ಸಪಾಟು ಬಂಡೆಯ ಮೇಲಿನ ಶತ್ರು ಉಸುಕು. ಮರಳುಗಲ್ಲು ಸವೆದು ಬಿಟ್ಟ ಸಣ್ಣ ಕಾಳುಗಳು ಇಳಿಜಾರಿನಲ್ಲಿ ಚದುರಿರುತ್ತವೆ, ಕಾಲಿಟ್ಟರೆ ಸೈಕಲ್ ಚಕ್ರದ ಗುಂಡುಗಳಂತೆ ಉರುಳುತ್ತವೆ. ಒಳ್ಳೆಯ ರಬ್ಬರ್ ಅಟ್ಟೆ ಒಣ, ಸ್ವಚ್ಛ ಬಂಡೆಯ ಮೇಲೆ 30 ಡಿಗ್ರಿ ಇಳಿಜಾರಿನಲ್ಲೂ ನಿಲ್ಲುತ್ತದೆ. ಅದೇ ಬಂಡೆ ಒದ್ದೆಯಾಗಿ ಹಾವಸೆ ಕಟ್ಟಿದ್ದರೆ 10–12 ಡಿಗ್ರಿಯಲ್ಲೂ ಜಾರಬಹುದು. ಮಳೆ ಬಿದ್ದ ಮೇಲೆ ಮರಳುಗಲ್ಲಿನ ಕಸುವೇ ಕುಗ್ಗುತ್ತದೆ. ಹಗ್ಗ ಕಟ್ಟಿ ಬಾದಾಮಿಯ ಗೋಡೆ ಏರುವ ಕಲಿತವರು ಕಲ್ಲು ಪೂರ್ತಿ ಒಣಗುವವರೆಗೆ ಕೈ ಹಚ್ಚುವುದಿಲ್ಲ. ಕೈಹಿಡಿಕೆಯೇ ಮುರಿದು ಕೈಗೆ ಬರುವ ಕಲ್ಲು ಅದು.

ಕಾಲಲ್ಲೇನಿದೆ ಎಂಬುದೂ ಮುಖ್ಯ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳು 2019ರಲ್ಲಿ ಕೊಲ್ಹಾಪುರಿ ಚಪ್ಪಲಿಯ ಭೌಗೋಳಿಕ ಗುರುತಿನ ಪಟ್ಟಿಗೆ ಸೇರಿದವು. ನಮ್ಮ ಕಡೆಯ ಕೈಗಳು ಹೊಲಿದ ಅಂದದ ಚಪ್ಪಲಿ ಅದು, ಎರೆಹೊಲದ ದಾರಿಗೆ, ಬಜಾರಿಗೆ ಹೇಳಿ ಮಾಡಿಸಿದ್ದು. ಆದರೆ ಚರ್ಮದ ಅಟ್ಟೆ ನುಣುಪು ಬಂಡೆಯನ್ನು ಹಿಡಿಯದು, ಹಿಮ್ಮಡಿಗೆ ಕಟ್ಟೂ ಇಲ್ಲ. ಅದಕ್ಕಿಂತ ಬರಿಗಾಲೇ ಮೇಲು, ಬೆಳಗಿನ ತಂಪಿನಲ್ಲಿ, ಒಣ ಕಲ್ಲಿನ ಮೇಲೆ. ಶೂ ಆದರೆ ಆಳವಾದ ಹಲ್ಲುಗಳ ರಬ್ಬರ್ ಅಟ್ಟೆ ಇರಲಿ. ಇಳಿಯುವ ಮುನ್ನ ಲೇಸನ್ನು ಬಿಚ್ಚಿ ಮತ್ತೆ ಬಿಗಿಯಿರಿ, ಇಲ್ಲದಿದ್ದರೆ ಪಾದ ಮುಂದೆ ಸರಿದು ಬೆರಳು ಜಜ್ಜುತ್ತದೆ.

ಮಂಗ್ಯಾಗಳ ಮಾತನ್ನು ಯಾವ ಸುರಕ್ಷತಾ ಫಲಕವೂ ಸರಿಯಾಗಿ ಹೇಳುವುದಿಲ್ಲ. ಪ್ಲಾಸ್ಟಿಕ್ ಚೀಲ ಕಂಡರೆ ಅವು ಎಳೆಯುತ್ತವೆ. ಕಚ್ಚುತ್ತವೆ ಎಂಬುದಕ್ಕಿಂತ ದೊಡ್ಡ ಭಯ, ಬೆಚ್ಚಿದ ಮನುಷ್ಯ ನೋಡದೆ ಹಿಂದೆ ಹೆಜ್ಜೆ ಇಡುತ್ತಾನೆ ಎಂಬುದು. ತಿನ್ನುವುದನ್ನು ಬೆನ್ನಚೀಲದೊಳಗೆ ಮುಚ್ಚಿಡಿ. ಕಸಿದರೆ ಬಿಟ್ಟುಬಿಡಿ. ಸೆಲ್ಫಿಯ ಅಪಾಯವೂ ಇಂಥದೇ: ಅಂಚಿಗೆ ಬೆನ್ನು, ಹಿಂದಕ್ಕೆ ಹೆಜ್ಜೆ.

ಬೆಳಗಾವಿಯ ಕಡೆ ಕಥೆ ಬೇರೆ. ಖಾನಾಪುರ ತಾಲೂಕಿನ ಕಾಡಿನಲ್ಲಿ ಭೀಮಗಡ ಕೋಟೆ ಇದೆ, ಶಿವಾಜಿಯ ಕಾಲದ್ದು. ಸುತ್ತಲಿನ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ಅಲ್ಲಿ ಜಾಂಬಿಟ್ಟಿಗೆ ಕಲ್ಲು, ಜಡಿಮಳೆ. ತೂತುತೂತಾದ ಕಲ್ಲು ಒಣಗಿದ್ದಾಗ ಕಾಲಿಗೆ ಚೆನ್ನಾಗಿ ಸಿಗುತ್ತದೆ, ಜೂನ್ ಬಂದರೆ ಪಾಚಿ ಕಟ್ಟಿ ಸಾಬೂನಾಗುತ್ತದೆ. ಬಿದ್ದ ಎಲೆಯ ಕೆಳಗೆ ಬೇರು, ಅದರ ಕೆಳಗೆ ಕೆಸರು. ಗೋಕಾಕ ಫಾಲ್ಸ್‌ನಲ್ಲಿ ಘಟಪ್ರಭೆ 52 ಮೀಟರ್ ಧುಮುಕುತ್ತಾಳೆ. ನೀರು ಕಡಿಮೆಯಿದ್ದಾಗ ಜನ ನದಿಯ ಹಾಸುಬಂಡೆಯ ಮೇಲೆ ಅಂಚಿನವರೆಗೂ ನಡೆಯುತ್ತಾರೆ. ನೀರು ಸವರಿ ನುಣುಪಾದ ಕಲ್ಲು ಒಣಗಿದಂತೆ ಕಂಡರೂ ತೆಳು ಹಾವಸೆ ಅಂಟಿರುತ್ತದೆ. ಅಲ್ಲಿ ಜಾರಿದರೆ ಹಿಡಿಯಲು ಹುಲ್ಲುಕಡ್ಡಿಯೂ ಇಲ್ಲ.

ಅಪಾಯಕ್ಕೆ ಸರ್ಕಾರದ ಉತ್ತರ ಇಷ್ಟು ವರ್ಷ ಹೆಚ್ಚಾಗಿ ಬೀಗವೇ ಆಗಿದೆ. ರಣಮಂಡಲಕ್ಕೆ ಗುಹೆಗಳ ಕಡೆಯಿಂದ ಏರುವ ಮೆಟ್ಟಿಲ ದಾರಿ ಮುಚ್ಚಿ ವರ್ಷಗಳಾದವು. ಮಳೆಗಾಲದಲ್ಲಿ ಖಾನಾಪುರದ ಜಲಪಾತಗಳಿಗೂ ನಿರ್ಬಂಧ ಬೀಳುತ್ತದೆ. ರಕ್ಷಿತ ಸ್ಮಾರಕದ ಕಲ್ಲಿಗೆ ಎಲ್ಲೆಂದರಲ್ಲಿ ಕಂಬಿ ಕೊರೆದು ನೆಡಲಾಗದು, ಅದು ಸರಿಯೇ. ಆದರೆ ಕಲ್ಲಿಗೆ ಗಾಯ ಮಾಡದ ಕೆಲಸಗಳೂ ಇವೆ: ಮಳೆಗಾಲ ಮುಗಿದ ಮೇಲೆ ಪಾವಟಿಗೆಯ ಪಾಚಿ ಉಜ್ಜಿಸುವುದು, ಉಸುಕು ಗುಡಿಸುವುದು, ಎತ್ತರ ತಪ್ಪಿದ ಮೆಟ್ಟಿಲಿನ ಅಂಚಿಗೆ ಬಿಳಿ ಪಟ್ಟಿ ಹಚ್ಚುವುದು, ಚಳಿಗಾಲದಲ್ಲಿ ಸಂಜೆ ನಾಲ್ಕೂವರೆಗೆ ಹತ್ತುವವರನ್ನು ನಿಲ್ಲಿಸುವುದು. ಡಿಸೆಂಬರ್‌ನಲ್ಲಿ ಆರರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ, ಕಮರಿಯೊಳಗೆ ಅದಕ್ಕೂ ಮೊದಲೇ ಕತ್ತಲು.

ಜಾರತೊಡಗಿದ ಕ್ಷಣದಲ್ಲಿ ನಿಂತುಕೊಳ್ಳಲು ಹೆಣಗಬಾರದು. ಕುಕ್ಕರಿಸಿ, ತಿಕ ಊರಿ, ಮೈಯನ್ನು ಬಂಡೆಗೆ ಅಂಟಿಸಬೇಕು. ಚರ್ಮ ತರಚಿದರೆ ವಾರದಲ್ಲಿ ಮಾಯುತ್ತದೆ.

ಯಾರಾದರೂ ಬಿದ್ದರೆ ಎತ್ತಿ ಕೂರಿಸುವ ಅಭ್ಯಾಸವೇ ಮೊದಲ ಅನಾಹುತ. ಕುತ್ತಿಗೆ, ಬೆನ್ನು ಮುರಿದಿದ್ದರೆ ಆ ಎತ್ತುವಿಕೆಯಲ್ಲೇ ಕೈಕಾಲು ಶಾಶ್ವತವಾಗಿ ಸ್ವಾಧೀನ ತಪ್ಪಬಹುದು. ಇನ್ನೂ ಕೆಳಗೆ ಉರುಳುವ ಅಪಾಯವಿಲ್ಲದಿದ್ದರೆ ಬಿದ್ದಂತೆಯೇ ಇರಲಿ, ಒಬ್ಬರು ತಲೆಯನ್ನು ಎರಡೂ ಕೈಯಿಂದ ಅಲುಗದಂತೆ ಹಿಡಿಯಲಿ. ರಕ್ತ ಸುರಿಯುತ್ತಿದ್ದರೆ ಸ್ವಚ್ಛ ಬಟ್ಟೆ ಇಟ್ಟು ಬಿಡದೆ ಒತ್ತಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. 108 ಅಥವಾ 112ಕ್ಕೆ ಕರೆ ಮಾಡಿದಾಗ ‘ಬಾದಾಮಿ ಗುಡ್ಡ’ ಎಂದರೆ ಸಾಲದು. ಮ್ಯೂಸಿಯಂ ಹಿಂದಿನ ಕಮರಿಯೋ, ಕೆಳಗಿನ ಶಿವಾಲಯದ ಬಳಿಯೋ, ಮೇಲಿನ ಶಿವಾಲಯವೋ ಎಂದು ಹೇಳಿ, ಒಬ್ಬರನ್ನು ಕೆಳಗೆ ರಸ್ತೆಗೆ ಕಳಿಸಿ ನಿಲ್ಲಿಸಿ. ಆಂಬುಲೆನ್ಸ್ ಮ್ಯೂಸಿಯಂವರೆಗೆ ಮಾತ್ರ ಬರುತ್ತದೆ. ಅಲ್ಲಿಯವರೆಗೆ ಸ್ಟ್ರೆಚರ್ ಹೊತ್ತು ಆ ಏರುತಗ್ಗಿನ ಪಾವಟಿಗೆ ಇಳಿಯಲು ಕೈ ಬದಲಿಸಿಕೊಳ್ಳುವವರೂ ಸೇರಿ ಕನಿಷ್ಠ ಎಂಟು ಮಂದಿ ಬೇಕು. ಕಮರಿ ಕಿರಿದಾದಲ್ಲಿ ಮಗ್ಗಲಲ್ಲಿ ನಿಲ್ಲಲು ಜಾಗವಿರುವುದಿಲ್ಲ, ಮುಂದಿನವರು ಹಿಮ್ಮುಖವಾಗಿ, ಒಂದೊಂದೇ ಮೆಟ್ಟಿಲು ಎಣಿಸಿ ಹೇಳುತ್ತ ಇಳಿಯಬೇಕಾಗುತ್ತದೆ.