ಕೊಕ್ಕೆ ತಂತಿ ಮತ್ತು ಫೋಲ್ಡರ್

ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜನ ಮನೆಯ ಜಗಲಿಯಲ್ಲಿ ಒಂದು ಕೊಕ್ಕೆ ತಂತಿ ನೇತಾಡುತ್ತಿತ್ತು. ಮಂಡಿಯ ಅಡಿಕೆ ಚೀಟಿ, ಕಂದಾಯದ ರಸೀದಿ, ಮದುವೆ ಕಾಗದ, ಎಲ್ಲವನ್ನೂ ಬಂದ ಹಾಗೇ ಅದಕ್ಕೆ ಚುಚ್ಚುವುದು. ಹೊಸದು ಮೇಲೆ, ಹಳೆಯದು ಕೆಳಗೆ. ಹೋದ ವರ್ಷದ ಚೀಟಿ ಬೇಕೆಂದರೆ ಅಜ್ಜ ಒಂದು ಗೇಣು ಕೆಳಗೆ ಕೈ ಹಾಕುತ್ತಿದ್ದರು. ತಿಥಿ ಕಾಗದಕ್ಕೆ ಮಾತ್ರ ಅಲ್ಲಿ ಜಾಗವಿರಲಿಲ್ಲ. ಓದಿ ಹರಿದು ಹಾಕಬೇಕು.

ಮೊನ್ನೆ ಚಿಕ್ಕಮ್ಮನಿಗೆ ಫೋನಿನಲ್ಲಿ ಪಹಣಿ ಬೇಕಿತ್ತು. "ಡೌನ್‌ಲೋಡ್ ಫೋಲ್ಡರ್‌ನಲ್ಲಿದೆ" ಅಂದೆ. "ಅದೆಂಥದು ಮಾರಾಯ?" ಅಂದವರೇ ವಾಟ್ಸಾಪ್ ತೆರೆದು ಬೆರಳಲ್ಲಿ ಸರಸರ ಸರಿಸಿದರು. "ನಾಯಿಮರಿ ಫೋಟೋ ಕಳಿಸಿದ್ಯಲ್ಲ, ಅದಕ್ಕಿಂತ ಮುಂಚೆ ಇತ್ತು." ಸಿಕ್ಕಿಯೇಬಿಟ್ಟಿತು. ಚಾಟ್ ಅಂದರೆ ಕೊಕ್ಕೆ ತಂತಿಯೇ ಅಲ್ವಾ, ಬಂದ ಹಾಗೇ ಚುಚ್ಚಿದ್ದು!

ಫೋಲ್ಡರ್ ಬಂದದ್ದು ಬೇರೆ ಮನೆಯಿಂದ. 1981ರಲ್ಲಿ ಝೆರಾಕ್ಸ್ ಕಂಪನಿ 'ಸ್ಟಾರ್' ಎಂಬ ಕಂಪ್ಯೂಟರ್ ತಂದಾಗ ಅದರ ಪರದೆಯೇ ಅಮೆರಿಕದ ಆಫೀಸಿನ ಮೇಜಾಗಿತ್ತು. ಅದರ ಮೇಲೆ ಫೋಲ್ಡರು, ಕಾಗದ, ಟಪಾಲಿನ ಬುಟ್ಟಿ. 1984ರ ಮ್ಯಾಕಿಂಟಾಷ್ ಆ ಮೇಜನ್ನು ಮನೆಮನೆಗೆ ಮುಟ್ಟಿಸಿತು. ಅಲ್ಲಿನ ಗುಮಾಸ್ತರಿಗೆ ಅದು ಸಹಜ. ಜಗಲಿಯಲ್ಲಿ ಕೂತವರಿಗೆ?

ಮನುಷ್ಯ ಮತ್ತು ಕಂಪ್ಯೂಟರಿನ ಒಡನಾಟವನ್ನು ಓದುವವರು ಬಹುಕಾಲ ಅಳೆದದ್ದು ಎಷ್ಟು ಸೆಕೆಂಡು ಹಿಡಿಯಿತು, ಎಷ್ಟು ತಪ್ಪಾಯಿತು ಅಂತ. ಅದೂ ಬೇಕು ಬಿಡಿ. ಆದರೆ ಅದೇ ಝೆರಾಕ್ಸ್‌ನ ಸಂಶೋಧನಾ ಕೇಂದ್ರದಲ್ಲಿದ್ದ ಮಾನವಶಾಸ್ತ್ರಜ್ಞೆ ಲೂಸಿ ಸಚ್‌ಮನ್ ಬೇರೆ ದಾರಿ ಹಿಡಿದರು. ಜನ ನಕಲು ಯಂತ್ರದ ಮುಂದೆ ಪರದಾಡುವುದನ್ನು ವಿಡಿಯೋ ಮಾಡಿಕೊಂಡು, ಅವರ ಮಾತನ್ನೂ ಕೇಳಿಸಿಕೊಂಡರು. 1987ರ ಅವರ ಪುಸ್ತಕ ಹೇಳುವುದು ಇದು: ಯಂತ್ರ ಒಂದು ಕ್ರಮವನ್ನು ಮೊದಲೇ ಊಹಿಸಿಕೊಂಡಿರುತ್ತದೆ. ಜನ ಆ ಕ್ಷಣಕ್ಕೆ ತೋಚಿದಂತೆ ಮಾಡುತ್ತಾರೆ. ಗುಂಡಿ ಒತ್ತಿದ್ದಷ್ಟೇ ಯಂತ್ರಕ್ಕೆ ಗೊತ್ತು, ಗೊಂದಲ ಗೊತ್ತಿಲ್ಲ.

2015ರಲ್ಲಿ ಇದೇ ಒಡನಾಟವನ್ನು ಓದುವ ಸಂಶೋಧಕರಾದ ಜೆಫ್ರಿ ಮತ್ತು ಶಾವೆನ್ ಬಾರ್ಡ್‌ಜೆಲ್, ಅಳತೆಗಿಂತ ಅರ್ಥ ಹುಡುಕುವ ಬಗೆಯ ಓದಿಗೆ ಒಂದು ಪುಸ್ತಕವನ್ನೇ ಬರೆದರು. ಪದ್ಯವನ್ನು ವಿಮರ್ಶಕ ಓದುವ ಹಾಗೆ ಪರದೆಯನ್ನೂ ಓದಬಹುದು. ಇದು ಯಾರನ್ನು ಮನಸ್ಸಲ್ಲಿಟ್ಟುಕೊಂಡಿದೆ, ಯಾರನ್ನು ಮರೆತಿದೆ ಅಂತ ಕೇಳಬಹುದು. ನನಗಂತೂ ಸ್ಟಾಪ್‌ವಾಚ್‌ಗಿಂತ ಈ ಪ್ರಶ್ನೆಯೇ ಜಾಸ್ತಿ ಹೇಳುತ್ತದೆ ಅನಿಸುತ್ತದೆ.

ಪಹಣಿ ಸಿಕ್ಕ ಸಂಜೆಯೇ ಮನೆಯ ಗುಂಪಿಗೆ ಒಂದು ತಿಥಿ ಕಾಗದದ ಫೋಟೋ ಬಂತು. ಚಿಕ್ಕಮ್ಮ ಓದಿ, ನಿಟ್ಟುಸಿರು ಬಿಟ್ಟು, ಅಳಿಸಿದರು. "ಇದನ್ನೆಲ್ಲ ಇಟ್ಕೊಬಾರ್ದು." ಫೋನಿನ ಗ್ಯಾಲರಿಯಲ್ಲಿ ಅದು ಮೊಮ್ಮಗಳ ನಾಮಕರಣದ ಫೋಟೋ ಪಕ್ಕದಲ್ಲೇ ಉಳಿದಿತ್ತು. ನಾನು ಸುಮ್ನೆ ಇದ್ದೆ.