ಕ್ಲಬ್ ತುಂಬಿದೆ, ಗಲ್ಲಾ ಯಾಕೆ ತುಂಬಲ್ಲ?

ಓದುಗರ ಪ್ರಶ್ನೆ: ಶನಿವಾರ ರಾತ್ರಿ ನೈಟ್‌ಕ್ಲಬ್ ಮುಂದೆ ಉದ್ದದ ಕ್ಯೂ ಇರುತ್ತದೆ. ಒಳಗೆ ಕಾಲಿಡಲು ಜಾಗ ಇರಲ್ಲ. ಡ್ರಿಂಕ್ಸ್ ಬೆಲೆಯಂತೂ ಹೊರಗಿಗಿಂತ ಎಷ್ಟೋ ಜಾಸ್ತಿ. ಆದರೂ ಎಲ್ಲ ದೇಶಗಳಲ್ಲೂ ಕ್ಲಬ್‌ಗಳು ನಷ್ಟದಿಂದ ಮುಚ್ಚುತ್ತಿವೆ ಅಂತ ಸುದ್ದಿ ಬರುತ್ತದೆ. ಇಷ್ಟು ದುಡ್ಡು ಹೋಗುವುದಾದರೂ ಎಲ್ಲಿಗೆ? ನಾನು ಕುಡಿಯುವುದಿಲ್ಲ, ಕುಣಿಯೋಕೆ ಮಾತ್ರ ಹೋಗುತ್ತೇನೆ. ನನ್ನಂಥವರಿಂದಲೇ ನಷ್ಟವಾ?

ಉತ್ತರ:

ಕ್ಲಬ್ ತುಂಬಿರುವುದೂ ನಿಜ, ನಷ್ಟದಲ್ಲಿರುವುದೂ ನಿಜ. ನೀವು ನೋಡಿದ್ದು ಶನಿವಾರ ರಾತ್ರಿ ಹನ್ನೆರಡೂವರೆ ಗಂಟೆಯ ಜನಜಂಗುಳಿ. ಮಾಲೀಕ ಬಾಡಿಗೆ ಕಟ್ಟುವುದು ಮಾತ್ರ ಇಡೀ ವಾರಕ್ಕೆ.

ವಾರಕ್ಕೆ 168 ಗಂಟೆ. ಒಂದು ಸಾಧಾರಣ ಕ್ಲಬ್ ಶುಕ್ರವಾರ ಮತ್ತು ಶನಿವಾರ ರಾತ್ರಿ 10ರಿಂದ 3ರವರೆಗೆ ತೆರೆದಿರುತ್ತದೆ ಅಂದುಕೊಳ್ಳಿ. ಒಟ್ಟು 10 ಗಂಟೆ. ಉಳಿದ 158 ಗಂಟೆ ಬಾಗಿಲು ಹಾಕಿರುತ್ತದೆ. ಬಾಡಿಗೆ, ಇನ್ಶೂರೆನ್ಸ್, ಲೈಸೆನ್ಸ್ ಶುಲ್ಕ, ಸೌಂಡ್ ಸಿಸ್ಟಮ್‌ಗೆ ಮಾಡಿದ ಸಾಲದ ಕಂತು, ಇವೆಲ್ಲ ಆ 158 ಗಂಟೆಗೂ ಬೀಳುತ್ತವೆ. ವಾರದ ಎಲ್ಲ ಖರ್ಚನ್ನೂ ಆ 10 ಗಂಟೆಯಲ್ಲೇ ಎತ್ತಬೇಕು. ಮಳೆ ಬಂದು ಒಂದು ಶನಿವಾರ ಕೈಕೊಟ್ಟರೆ ಅರ್ಧ ವಾರದ ವ್ಯಾಪಾರವೇ ಹೋಯಿತು. ಅದನ್ನು ಮಂಗಳವಾರ ಸರಿದೂಗಿಸಿಕೊಳ್ಳೋಣ ಅನ್ನುವ ಹಾಗಿಲ್ಲ.

ಇನ್ನು ಆ ರಾತ್ರಿಯ ಖರ್ಚು ಬೇರೆ ಇದೆ. ಡಿಜೆ, ಬೌನ್ಸರ್‌ಗಳು, ಬಾರ್ ಹುಡುಗರು, ಲೈಟ್ ನೋಡಿಕೊಳ್ಳುವವರು, ಬೆಳಗ್ಗೆ ಬಂದು ಗುಡಿಸಿ ಒರೆಸುವವರು. ಹಾಡು ಹಾಕಿದ್ದಕ್ಕೆ ಹಕ್ಕುದಾರರ ಸಂಘಕ್ಕೆ ಕಟ್ಟುವ ಶುಲ್ಕವೂ ಇದೆ. ನೂರು ಜನ ಬಂದರೂ ಐನೂರು ಜನ ಬಂದರೂ ಈ ಖರ್ಚಿನಲ್ಲಿ ಹೆಚ್ಚು ವ್ಯತ್ಯಾಸ ಆಗುವುದಿಲ್ಲ. ಹಾಗಾಗಿ ಮೊದಲು ಬರುವ ಮುನ್ನೂರು ನಾನೂರು ಜನರ ದುಡ್ಡು ಖರ್ಚಿಗೇ ಸರಿಹೋಗುತ್ತದೆ. ಲಾಭ ಅಂತ ಏನಾದರೂ ಇದ್ದರೆ ಅದು ಕೊನೆಯ ನೂರು ಜನರಿಂದ. ಆ ನೂರು ಜನ ಬರದಿದ್ದರೆ ಹೊರಗಿನಿಂದ ನೋಡಿದವರಿಗೆ ಕ್ಲಬ್ ತುಂಬಿದ ಹಾಗೇ ಕಾಣುತ್ತದೆ. ಒಳಗೆ ಲೆಕ್ಕ ಹಾಕುವವರಿಗೆ ಮಾತ್ರ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಈಗ ಬಾರ್ ಕೌಂಟರ್ ಹತ್ತಿರ ಬನ್ನಿ. ಈ ಉದ್ಯಮದ ಕಷ್ಟ ಅರ್ಥವಾಗುವುದು ಅಲ್ಲೇ.

ಎಂಟ್ರಿ ಟಿಕೆಟ್ ಅಗ್ಗ ಇಡು, ಜನ ತುಂಬಿಸು, ದುಡ್ಡನ್ನು ಬಾರ್‌ನಲ್ಲಿ ಮಾಡು. ಎಷ್ಟೋ ದಶಕಗಳಿಂದ ಹೆಚ್ಚಿನ ಕ್ಲಬ್‌ಗಳು ನಡೆದಿದ್ದು ಹೀಗೇ. ಅಂದರೆ ಕ್ಲಬ್ ಸಂಗೀತವನ್ನು ಅಸಲಿಗಿಂತ ಕಡಿಮೆಗೆ ಕೊಟ್ಟು, ಅದರ ಬೆಲೆಯನ್ನು ಡ್ರಿಂಕ್ಸ್ ಬಿಲ್‌ನಲ್ಲಿ ವಸೂಲಿ ಮಾಡುತ್ತಿತ್ತು.

ಒಂದು ಲೆಕ್ಕ ಹಾಕೋಣ. 500 ಜನ, ಕೌಂಟರ್‌ನಲ್ಲಿ 4 ಜನ ಬಾರ್ ಹುಡುಗರು. ಆರ್ಡರ್ ಕೇಳಿ, ಸುರಿದು, ದುಡ್ಡು ತಗೊಂಡು ಮುಂದಿನವರ ಕಡೆ ತಿರುಗೋಕೆ ಒಂದು ಡ್ರಿಂಕ್‌ಗೆ 45 ಸೆಕೆಂಡ್ ಅಂದುಕೊಳ್ಳಿ. ಒಬ್ಬ ಗಂಟೆಗೆ 80 ಕೊಡಬಲ್ಲ, ನಾಲ್ವರು ಸೇರಿ 320. ಜನ 10 ಗಂಟೆಗೇ ಬಂದರೆ 5 ಗಂಟೆಯಲ್ಲಿ 1,600 ಡ್ರಿಂಕ್ ಮಾರಬಹುದು, ತಲೆಗೆ ಮೂರಕ್ಕಿಂತ ಜಾಸ್ತಿ. ಅದೇ 500 ಜನ ಹನ್ನೆರಡೂವರೆಗೆ ಒಟ್ಟಿಗೆ ನುಗ್ಗಿದರೆ? ಉಳಿದಿರುವುದು ಎರಡೂವರೆ ಗಂಟೆ. ಎಷ್ಟೇ ಓಡಾಡಿದರೂ 800 ದಾಟುವುದಿಲ್ಲ. ಜನರ ಸಂಖ್ಯೆ ಅಷ್ಟೇ, ಬೆಲೆ ಅಷ್ಟೇ, ಕಮಾಯಿ ಮಾತ್ರ ಅರ್ಧ. ಕೌಂಟರ್ ಮುಂದೆ ಮೂರು ಸಾಲು ನಿಂತಿರುವುದನ್ನು ನೋಡಿ ‘ಎಂಥಾ ವ್ಯಾಪಾರ’ ಅಂದುಕೊಳ್ಳುತ್ತೇವೆ. ಕ್ಯೂನಲ್ಲಿ ಕಾದು ಬೇಸತ್ತು ವಾಪಸ್ ಹೋಗುವವನ ದುಡ್ಡು ಅವನ ಜೇಬಿನಲ್ಲೇ ಇರುತ್ತದೆ.

ಗಿರಾಕಿಗಳ ಅಭ್ಯಾಸದಲ್ಲಿ ಕ್ಲಬ್‌ಗೆ ಜಾಸ್ತಿ ಪೆಟ್ಟು ಕೊಟ್ಟಿದ್ದು ಈ ತಡವಾಗಿ ಬರುವ ಅಭ್ಯಾಸ ಅಂತ ನನ್ನ ಅನಿಸಿಕೆ. ಇದರ ಬಗ್ಗೆ ಮಾತಾಡುವವರು ಕಡಿಮೆ. ಜನ ಮನೆಯಲ್ಲೇ ಅಂಗಡಿ ಬೆಲೆಯ ಬಾಟಲಿ ಮುಗಿಸಿ, ಆಮೇಲೆ ಕ್ಲಬ್‌ಗೆ ಬರುತ್ತಾರೆ. ಒಳಗಿನ ಬೆಲೆ ನೋಡಿದರೆ ಅವರನ್ನು ದೂರುವ ಹಾಗಿಲ್ಲ. ಮಾರಾಟ ಇಳಿಯಿತು ಅಂತ ಕ್ಲಬ್ ಬೆಲೆ ಏರಿಸುತ್ತದೆ. ಬೆಲೆ ಏರಿತು ಅಂತ ಜನ ಇನ್ನೂ ಜಾಸ್ತಿ ಮನೆಯಲ್ಲೇ ಮುಗಿಸಿ, ಇನ್ನೂ ತಡವಾಗಿ ಬರುತ್ತಾರೆ. ಇದು ಸುತ್ತಿ ಸುತ್ತಿ ಬರುತ್ತಲೇ ಇರುತ್ತದೆ.

ಇನ್ನೊಂದು ಕಡೆಯಿಂದ ಕಾನೂನೂ ಬದಲಾಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮೊದಲು ಪಬ್‌ಗಳು ಸಾಮಾನ್ಯವಾಗಿ ರಾತ್ರಿ 11ಕ್ಕೆ ಮುಚ್ಚುತ್ತಿದ್ದವು. ಆಮೇಲೂ ಕೂರಬೇಕು, ಇನ್ನೊಂದು ಗ್ಲಾಸ್ ಬೇಕು ಅನ್ನುವವರಿಗೆ ಕ್ಲಬ್ ಬಿಟ್ಟರೆ ಗತಿ ಇರಲಿಲ್ಲ. 2005ರ ನವೆಂಬರ್‌ನಲ್ಲಿ ಹೊಸ ಲೈಸೆನ್ಸ್ ಕಾನೂನು ಜಾರಿಗೆ ಬಂತು. ಪಬ್‌ಗಳು ತಡರಾತ್ರಿವರೆಗೆ ತೆರೆಯಲು ಅನುಮತಿ ಕೇಳಬಹುದಾಯಿತು. ಎಂಟ್ರಿ ಟಿಕೆಟ್ ಇಲ್ಲದೆ, ಕ್ಯೂ ಇಲ್ಲದೆ, ಕೂತಲ್ಲೇ ರಾತ್ರಿ ಒಂದರವರೆಗೆ ಕುಡಿಯಬಹುದು ಅಂದಮೇಲೆ ಎದ್ದು ಕ್ಲಬ್‌ಗೆ ಯಾಕೆ ಹೋಗಬೇಕು? ಬರೀ ಕುಡಿಯೋಕೆ ಬರುತ್ತಿದ್ದವರು ಕ್ಲಬ್ ಬಿಟ್ಟರು. ಕುಣಿಯೋಕೆ ಬರುವವರು ಉಳಿದರು.

ಕುಣಿಯೋಕೆ ಮಾತ್ರ ಬರುವವರಿಂದ ಕ್ಲಬ್‌ಗೆ ಏನಾಗುತ್ತದೆ ಅನ್ನುವುದಕ್ಕೆ ಮ್ಯಾಂಚೆಸ್ಟರ್‌ನ ಹಸಿಯೆಂಡಾ ಕ್ಲಬ್ ಇದೆ. 1982ರಲ್ಲಿ ಶುರುವಾಯಿತು. ದುಡ್ಡು ಹಾಕಿದ್ದು ಫ್ಯಾಕ್ಟರಿ ರೆಕಾರ್ಡ್ಸ್ ಅನ್ನುವ ರೆಕಾರ್ಡ್ ಕಂಪನಿ ಮತ್ತು ನ್ಯೂ ಆರ್ಡರ್ ಬ್ಯಾಂಡ್. 1980ರ ದಶಕದ ಕೊನೆಗೆ ಆಸಿಡ್ ಹೌಸ್ ಅನ್ನುವ ಡ್ಯಾನ್ಸ್ ಸಂಗೀತ ಬಂದಾಗ ಆ ಕ್ಲಬ್ ಬ್ರಿಟನ್‌ನಲ್ಲಿ ಮನೆಮಾತಾಯಿತು. ಒಳಗೆ ಸೂಜಿ ಬಿದ್ದರೂ ಕೆಳಗೆ ತಲುಪದಷ್ಟು ಜನ. ಆದರೆ ಆ ಜನ ಎಕ್ಸ್ಟಸಿ ಅನ್ನುವ ಡ್ರಗ್ಸ್ ಮಾತ್ರೆ ನುಂಗಿ ಬರುತ್ತಿದ್ದರು. ಆ ಮಾತ್ರೆ ತಗೊಂಡವರಿಗೆ ಬಿಯರ್ ಬೇಕಿರಲಿಲ್ಲ, ನೀರು ಸಾಕಿತ್ತು. ಡ್ರಗ್ಸ್ ಮಾರುವವರ ಜೇಬು ತುಂಬಿತು, ಬಾರ್ ಒಣಗಿತು. ಜೊತೆಗೆ ಡ್ರಗ್ಸ್ ಗ್ಯಾಂಗ್‌ಗಳ ಹೊಡೆದಾಟ, ಅದಕ್ಕೆ ಜಾಸ್ತಿ ಸೆಕ್ಯುರಿಟಿ, ಅದಕ್ಕೆ ಇನ್ನೂ ಖರ್ಚು. ಬ್ಯಾಂಡಿನ ರೆಕಾರ್ಡ್ ದುಡ್ಡು ವರ್ಷಗಟ್ಟಲೆ ಕ್ಲಬ್ಬಿನ ನಷ್ಟಕ್ಕೆ ಹರಿಯಿತು. 1997ರಲ್ಲಿ ಬಾಗಿಲು ಮುಚ್ಚಿತು. ಜಗತ್ತಿನಲ್ಲೇ ಹೆಸರು ಮಾಡಿದ ಡ್ಯಾನ್ಸ್ ಫ್ಲೋರ್‌ಗೂ ಬಾರ್ ಮಾರಾಟ ಇಲ್ಲದೆ ಉಳಿಯೋಕೆ ಆಗಲಿಲ್ಲ.

ಈಗಿನ ಕಥೆಯಲ್ಲಿ ಕಾರಣ ಒಳ್ಳೆಯದು. ಹಲವು ದೇಶಗಳಲ್ಲಿ ಯುವಜನ ಹಿಂದಿನ ತಲೆಮಾರಿಗಿಂತ ಕಡಿಮೆ ಕುಡಿಯುತ್ತಿದ್ದಾರೆ. ಆರೋಗ್ಯ ಒಂದು ಕಾರಣ, ದುಡ್ಡು ಇನ್ನೊಂದು. ಕುಡಿದು ತೂರಾಡಿದ್ದನ್ನು ಯಾರೋ ಫೋನಿನಲ್ಲಿ ಹಿಡಿದು ಹಾಕಿಬಿಡುತ್ತಾರೆ ಅನ್ನುವ ಹೆದರಿಕೆಯೂ ಇದೆ. ನಾನಂತೂ ಇದನ್ನು ಸಮಸ್ಯೆ ಅಂತ ಕರೆಯಲಾರೆ.

ಆದ್ದರಿಂದ ನಿಮ್ಮ ಎರಡನೇ ಪ್ರಶ್ನೆಗೆ ನೇರ ಉತ್ತರ: ಇಲ್ಲ, ತಪ್ಪು ನಿಮ್ಮದಲ್ಲ. ನೀವು ಸಂಗೀತಕ್ಕೆ ಬಂದಿದ್ದೀರಿ, ಕ್ಲಬ್ ಸಂಗೀತಕ್ಕೆ ಸರಿಯಾದ ಬೆಲೆ ಕೇಳಲಿಲ್ಲ. ನೀವು ಒಂದು ಬಾಟಲಿ ನೀರಿನಲ್ಲಿ ಐದು ಗಂಟೆ ಕುಣಿದರೆ ಕ್ಲಬ್‌ಗೆ ನಷ್ಟ ಆಗುತ್ತದೆ, ಅದು ನಿಜ. ಅದನ್ನು ಸರಿ ಮಾಡಬೇಕಾಗಿರುವುದು ಬಾಗಿಲಲ್ಲಿ, ಟಿಕೆಟ್ ಬೆಲೆಯಲ್ಲಿ. ನಿಮಗೆ ಗ್ಲಾಸ್ ಹಿಡಿಸಿ ಅಲ್ಲ. ನೀರಿಗೂ ಬಾಯಿಗೆ ಬಂದ ಬೆಲೆ ಕೇಳುವ ಕ್ಲಬ್‌ಗಳನ್ನು ನಾನು ಒಪ್ಪುವುದಿಲ್ಲ. ಬೆವರು ಸುರಿಸಿ ಕುಣಿಯುವ ಜಾಗದಲ್ಲಿ ಕುಡಿಯುವ ನೀರು ಸುಮ್ನೆ ಸಿಗಬೇಕು.

ಕೆಲವು ಕ್ಲಬ್‌ಗಳು ಬೇರೆ ದಾರಿ ಹಿಡಿದವು. ಐನೂರು ಜನರಿಂದ ಸ್ವಲ್ಪ ಸ್ವಲ್ಪ ತಗೊಳ್ಳುವ ಬದಲು ಹತ್ತು ಟೇಬಲ್‌ಗಳಿಂದ ತುಂಬಾ ತಗೊಳ್ಳುವುದು. ಟೇಬಲ್ ಬುಕ್ ಮಾಡಿದವರು ಇಡೀ ಬಾಟಲಿಯನ್ನು ಅಂಗಡಿ ಬೆಲೆಯ ಎಷ್ಟೋ ಪಟ್ಟು ಕೊಟ್ಟು ಕೊಳ್ಳುತ್ತಾರೆ. ಬಾಟಲಿ ತರುವಾಗ ಪಟಾಕಿ ಕಡ್ಡಿ ಹಚ್ಚಿಕೊಂಡು ಮೆರವಣಿಗೆಯಲ್ಲಿ ತರುವುದೂ ಲೆಕ್ಕಾಚಾರವೇ. ಪಕ್ಕದ ಟೇಬಲಿನವರು ನೋಡಿ ಇನ್ನೊಂದು ತರಿಸಬೇಕು ಅನ್ನುವುದು ಉದ್ದೇಶ. ಲಾಸ್ ವೇಗಸ್‌ನಲ್ಲಿ ಇದು ಪರಾಕಾಷ್ಠೆ ಮುಟ್ಟಿತು. 2013ರಲ್ಲಿ ಅಲ್ಲಿನ ಎಂಜಿಎಂ ಗ್ರ್ಯಾಂಡ್ ಹೋಟೆಲ್‌ನಲ್ಲಿ ಹಕ್ಕಸಾನ್ ಕ್ಲಬ್ ಕ್ಯಾಲ್ವಿನ್ ಹ್ಯಾರಿಸ್‌ನಂಥ ಡಿಜೆಗಳನ್ನು ಇಟ್ಟುಕೊಂಡು ಶುರುವಾಯಿತು. ಕ್ಲಬ್ ಹಿಂದೆ ಹೋಟೆಲ್ ರೂಮು, ಕ್ಯಾಸಿನೊ ಎಲ್ಲ ಇರುವ ಕಡೆ ಈ ದಾರಿ ನಡೆಯುತ್ತದೆ. ಬೇರೆ ಕಡೆ ಟೇಬಲ್‌ಗಳು ಡ್ಯಾನ್ಸ್ ಫ್ಲೋರ್ ಜಾಗವನ್ನೇ ನುಂಗುತ್ತವೆ. ಕುಣಿಯುವವರು ಹೋದಮೇಲೆ ಟೇಬಲಿನವರೂ ಉಳಿಯುವುದಿಲ್ಲ, ಯಾಕಂದ್ರೆ ಅವರು ದುಡ್ಡು ಕೊಟ್ಟಿದ್ದೇ ಆ ಜನರ ನಡುವೆ ಕಾಣಿಸಿಕೊಳ್ಳೋಕೆ.

ಅಭ್ಯಾಸಗಳು ಇನ್ನೂ ಬದಲಾಗಿವೆ. ಹೊಸಬರನ್ನು ಭೇಟಿಯಾಗೋಕೆ ಕ್ಲಬ್‌ಗೇ ಬರಬೇಕು ಅಂತಿಲ್ಲ, ಆ ಕೆಲಸ ಫೋನಿನ ಆ್ಯಪ್ ಮಾಡುತ್ತದೆ. ಹೊಸ ಹಾಡು ಕೇಳೋಕೂ ಬರಬೇಕಿಲ್ಲ. ಕೋವಿಡ್ ಹೊತ್ತಿನಲ್ಲಿ 18 ತುಂಬಿದವರಿಗೆ ಕ್ಲಬ್‌ಗೆ ಹೋಗುವ ರೂಢಿಯೇ ಆಗಲಿಲ್ಲ. ಅಣ್ಣನೋ ಅಕ್ಕನೋ ಮೊದಲ ಸಲ ಕರೆದುಕೊಂಡು ಹೋಗುವುದು ತಪ್ಪಿಹೋಯಿತು. ಬ್ರಿಟನ್‌ನಲ್ಲಿ 2020ರ ಮಾರ್ಚ್‌ನಿಂದ 2024ರ ಮಧ್ಯದವರೆಗೆ ಮೂರರಲ್ಲಿ ಒಂದಕ್ಕಿಂತ ಜಾಸ್ತಿ ನೈಟ್‌ಕ್ಲಬ್‌ಗಳು ಮುಚ್ಚಿದವು ಅಂತ ಅಲ್ಲಿನ ರಾತ್ರಿ ಉದ್ಯಮದ ಸಂಘ ಲೆಕ್ಕ ಕೊಟ್ಟಿತು.

ವಾರಾ ವಾರ ಹೋಗುತ್ತಿದ್ದವರು ಈಗ ಎರಡು ತಿಂಗಳಿಗೊಮ್ಮೆ ಒಂದು ದೊಡ್ಡ ಕಾರ್ಯಕ್ರಮಕ್ಕೆ ಮುಂಗಡ ಟಿಕೆಟ್ ಕೊಳ್ಳುತ್ತಾರೆ. ಲಂಡನ್‌ನಲ್ಲಿ ಹಳೆಯ ಪ್ರಿಂಟಿಂಗ್ ಪ್ರೆಸ್ ಕಟ್ಟಡದಲ್ಲಿದ್ದ ಪ್ರಿಂಟ್‌ವರ್ಕ್ಸ್ 2017ರಿಂದ 2023ರವರೆಗೆ ನಡೆಯಿತು. ಸಾವಿರಾರು ಜನ ಹಿಡಿಸುವ ಜಾಗ. ಅಲ್ಲಿನ ಕಾರ್ಯಕ್ರಮಗಳು ಹೆಚ್ಚಾಗಿ ನಡೆಯುತ್ತಿದ್ದದ್ದು ಹಗಲಿನಲ್ಲಿ! 2023ರಲ್ಲಿ ಅದೇ ಊರಿನಲ್ಲಿ ಹಳೆಯ ಐಕಿಯಾ ಮಳಿಗೆಯಲ್ಲಿ ಡ್ರಮ್‌ಶೆಡ್ಸ್ ಶುರುವಾಯಿತು, ಅಲ್ಲಿ 15,000 ಜನ ಸೇರಬಹುದು. ಅದೇ ವರ್ಷದ ಡಿಸೆಂಬರ್‌ನಲ್ಲಿ ಶೆಫೀಲ್ಡ್‌ನಲ್ಲಿ ‘ಡೇ ಫೀವರ್’ ಅನ್ನುವ ಮಧ್ಯಾಹ್ನದ ಡಿಸ್ಕೊ ಶುರು ಮಾಡಿದವರಲ್ಲಿ ನಟಿ ವಿಕಿ ಮೆಕ್ಲೂರ್ ಒಬ್ಬರು. ಮೂವತ್ತು ದಾಟಿದವರು ಮಧ್ಯಾಹ್ನ ಬಂದು ಕುಣಿದು, ರಾತ್ರಿ ಊಟದ ಹೊತ್ತಿಗೆ ಮನೆಗೆ. ಇದು ಎಷ್ಟು ಬೇಗ ಬೇರೆ ಊರುಗಳಿಗೆ ಹಬ್ಬಿತು ಅಂದರೆ, ಕುಣಿಯುವ ಆಸೆ ಜನರಲ್ಲಿ ಸತ್ತಿಲ್ಲ ಅನ್ನುವುದು ಸ್ಪಷ್ಟ. ಆಸೆ ಇದೆ, ಹೊತ್ತು ಬದಲಾಗಿದೆ ಅಷ್ಟೇ. ಮೊದಲು ಹೇಳಿದ 158 ಗಂಟೆ ನೆನಪಿದೆ ಅಲ್ವಾ? ಖಾಲಿ ಬಿದ್ದ ಆ ಗಂಟೆಗಳಲ್ಲಿ ನಾಲ್ಕೈದನ್ನು ಮಾರಲು ಸಿಕ್ಕರೂ ಮಾಲೀಕನಿಗೆ ದೊಡ್ಡ ಆಸರೆ.

ದೊಡ್ಡ ಜಾಗಗಳಿಂದ ಸಣ್ಣ ಕ್ಲಬ್‌ಗಳಿಗೆ ಬೇರೆ ತೊಂದರೆ ಇದೆ. 15,000 ಟಿಕೆಟ್ ಮಾರುವವರು ಡಿಜೆಗೆ ಕೊಡುವ ಸಂಭಾವನೆಯನ್ನು 300 ಜನರ ಕ್ಲಬ್ ಎಲ್ಲಿಂದ ಕೊಟ್ಟೀತು? ದೊಡ್ಡ ಕಾರ್ಯಕ್ರಮದವರು ‘ಇಷ್ಟು ವಾರ ಈ ಸುತ್ತಮುತ್ತ ಬೇರೆಲ್ಲೂ ನುಡಿಸಬಾರದು’ ಅಂತ ಡಿಜೆ ಹತ್ತಿರ ಕರಾರು ಮಾಡಿಕೊಳ್ಳುವುದೂ ಇದೆ. ನನಗೆ ನಿಜಕ್ಕೂ ಸಂಕಟ ಆಗುವುದು ಇಲ್ಲಿ. ಇವತ್ತು ದೊಡ್ಡ ವೇದಿಕೆಯಲ್ಲಿ ನಿಲ್ಲುವವರು ಕೆಲಸ ಕಲಿತಿದ್ದು ಸಣ್ಣ ಕೋಣೆಗಳಲ್ಲಿ, ಅರ್ಧ ಖಾಲಿ ಫ್ಲೋರ್ ಮುಂದೆ. ಯಾವ ಹಾಡಿಗೆ ಜನ ಎದ್ದು ಬರುತ್ತಾರೆ, ಯಾವುದಕ್ಕೆ ಕೌಂಟರ್ ಕಡೆ ಹೋಗುತ್ತಾರೆ ಅನ್ನುವುದು ಐವತ್ತು ಜನರ ಮುಂದೆ ನಿಂತಾಗಲೇ ಕಣ್ಣಿಗೆ ಕಾಣುವುದು.

ನೆಲದ ಬೆಲೆಯ ವಿಚಾರವೂ ಇದೆ. ಕ್ಲಬ್‌ಗಳು ಬರುವುದು ಬಾಡಿಗೆ ಕಡಿಮೆ ಇರುವ, ಯಾರೂ ಕೇಳದ ಬೀದಿಗೆ. ಜನ ಬರುತ್ತಾರೆ, ಬೀದಿಗೆ ಹೆಸರು ಬರುತ್ತದೆ, ಪಕ್ಕದಲ್ಲಿ ಅಪಾರ್ಟ್‌ಮೆಂಟ್ ಏಳುತ್ತದೆ. ಮನೆ ಕೊಂಡವರು ಗಲಾಟೆ ಅಂತ ದೂರು ಕೊಡುತ್ತಾರೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2014ರಲ್ಲಿ ಇದಕ್ಕೆ ಒಂದು ನಿಯಮ ತಂದಿತು: ಆಮೇಲೆ ಬಂದವರೇ ಸದ್ದು ತಡೆಯುವ ಖರ್ಚು ಹೊರಬೇಕು. ಅದೇ ವರ್ಷ ಅದೇ ದೇಶದ ಸಿಡ್ನಿಯಲ್ಲಿ ನಡೆದದ್ದು ಉಲ್ಟಾ. ಕುಡಿದವರ ಹೊಡೆದಾಟದಲ್ಲಿ ಯುವಕರು ಸತ್ತ ಮೇಲೆ, ರಾತ್ರಿ ಒಂದೂವರೆ ನಂತರ ಹೊಸಬರನ್ನು ಒಳಗೆ ಬಿಡಬಾರದು, ಮೂರರ ನಂತರ ಮದ್ಯ ಕೊಡಬಾರದು ಅಂತ ಕಾನೂನಾಯಿತು. ಉದ್ದೇಶ ಜೀವ ಉಳಿಸುವುದು, ಅದನ್ನು ಹಗುರವಾಗಿ ನೋಡುವ ಹಾಗಿಲ್ಲ. ಆದರೆ ಕಮಾಯಿಯ ಗಂಟೆಗಳೇ ಕಡಿತವಾಗಿ ಕಿಂಗ್ಸ್ ಕ್ರಾಸ್ ಪ್ರದೇಶದ ರಾತ್ರಿ ವ್ಯಾಪಾರ ನೆಲಕಚ್ಚಿತು. ನಗರದ ನಡುಭಾಗದಲ್ಲಿ 2020ರಲ್ಲಿ, ಕಿಂಗ್ಸ್ ಕ್ರಾಸ್‌ನಲ್ಲಿ 2021ರಲ್ಲಿ ಆ ನಿರ್ಬಂಧ ತೆಗೆದರು.

ಬರ್ಲಿನ್‌ನಲ್ಲಿ ಮುಚ್ಚುವ ಹೊತ್ತು ಅನ್ನುವುದೇ ಇಲ್ಲ. ಪಶ್ಚಿಮ ಬರ್ಲಿನ್ 1949ರಲ್ಲೇ ಅದನ್ನು ತೆಗೆದುಹಾಕಿತ್ತು. 2004ರಲ್ಲಿ ಶುರುವಾದ ಬರ್ಗ್‌ಹೈನ್ ಕ್ಲಬ್ಬಿನ ವಾರಾಂತ್ಯ ಶನಿವಾರ ರಾತ್ರಿಯಿಂದ ಸೋಮವಾರ ಬೆಳಗ್ಗೆವರೆಗೂ ಎಳೆಯುತ್ತದೆ. ಒಂದು ಬಾಡಿಗೆಗೆ ಅಷ್ಟು ಜಾಸ್ತಿ ಗಂಟೆ ಸಿಗುತ್ತವೆ. ಅಂಥ ಊರಿನಲ್ಲೂ 2002ರಿಂದ ನಡೆಯುತ್ತಿದ್ದ ವಾಟರ್‌ಗೇಟ್ ಕ್ಲಬ್ 2024ರ ಕೊನೆಗೆ ಮುಚ್ಚಿತು. ಬಾಡಿಗೆ ಏರಿತ್ತು, ಕ್ಲಬ್‌ಗೆಂದೇ ಊರಿಗೆ ಬರುತ್ತಿದ್ದ ಪ್ರವಾಸಿಗರು ಕಡಿಮೆಯಾಗಿದ್ದರು.

ಬಾಗಿಲಲ್ಲೇ ಸರಿಯಾದ ಬೆಲೆ ಕೇಳಿ ಅಂದೆನಲ್ಲ, ಅದಕ್ಕೆ ತೆರಿಗೆಯೂ ಅನುಕೂಲವಾಗಿರಬೇಕು. ಬರ್ಗ್‌ಹೈನ್ ವಿಚಾರದಲ್ಲಿ 2016ರಲ್ಲಿ ಅಲ್ಲಿನ ತೆರಿಗೆ ನ್ಯಾಯಾಲಯ ಒಂದು ತೀರ್ಪು ಕೊಟ್ಟಿತು. ಜನ ಅಲ್ಲಿಗೆ ಬರುವುದು ಸಂಗೀತಕ್ಕೆ, ಡಿಜೆಗಳಿಗೆ. ಹಾಗಾಗಿ ಅದು ಸಂಗೀತ ಕಚೇರಿಗೆ ಸಮ, ಎಂಟ್ರಿ ಟಿಕೆಟ್ ಮೇಲೆ 19% ಅಲ್ಲ, 7% ತೆರಿಗೆ ಸಾಕು ಅಂತ. ಟಿಕೆಟ್ ದುಡ್ಡಿನಲ್ಲಿ ಕ್ಲಬ್‌ಗೆ ಉಳಿಯುವ ಪಾಲು ಜಾಸ್ತಿಯಾಯಿತು. ಇಂಥ ತೀರ್ಪು ಇನ್ನಷ್ಟು ದೇಶಗಳಲ್ಲಿ ಬಂದರೆ, 300 ಜನರ ಕ್ಲಬ್ ನಡೆಸುವವರು ಬಾರ್ ಮಾರಾಟ ನಂಬಿಕೊಂಡು ಕೂರದೆ ಟಿಕೆಟ್ ದುಡ್ಡಿನಲ್ಲೇ ಡಿಜೆಗೆ ಸಂಬಳ ಕೊಡುವ ಧೈರ್ಯ ಮಾಡಬಹುದು.